ಅಪ್‌ಡೇಟ್: ತಂಗಿಯ ಕಾಲೇಜಿಗೆ ಲ್ಯಾಪ್‌ಟಾಪ್ ಬಂತು

ತಂಗಿ ಇಂಜಿನಿಯರಿಂಗ್ ಸೇರುತ್ತಿದ್ದಾಳೆ, 30,000 ರೂಪಾಯಿಯೊಳಗೆ ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಎಂದು ಕೇಳಿದ್ದೆ. ಹೊಸದೇ ಬೇಕೆಂಬ ಹಟ ಬಿಡಿ ಎಂದು ತುಂಬಾ ಜನ ಹೇಳಿದಿರಿ. ಹಾಗೇ ಮಾಡಿದೆ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಅರ್ಧ ದಿನ ಸುತ್ತಿ ಹಳೆಯ ಥಿಂಕ್‌ಪ್ಯಾಡ್ ಟಿ480 ತಂದೆವು. ಪ್ರೊಸೆಸರ್ ಇಂಟೆಲ್‌ನ 8ನೇ ತಲೆಮಾರಿನ ಐ5, ಹಾಗಾಗಿ ವಿಂಡೋಸ್ 11 ಸರಿಯಾಗಿ ನಡೆಯುತ್ತದೆ. ಅದಕ್ಕಿಂತ ಹಳೆಯದನ್ನೂ ತೋರಿಸಿದರು, ಬೆಲೆ ಕಡಿಮೆ. ಆದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್‌ಗೇ ಮುಗಿದಿದೆ, ಅಲ್ವಾ? ಬೇಡ ಎಂದೆ.

ಇದರಲ್ಲಿ ರ‍್ಯಾಮ್‌ಗೆ ಎರಡು ಸ್ಲಾಟ್ ಇವೆ. ಒಂದರಲ್ಲಿ 8 ಜಿಬಿ ಇತ್ತು, ಇನ್ನೊಂದು ಖಾಲಿ. ಅಲ್ಲಿಗೆ ಮತ್ತೊಂದು 8 ಜಿಬಿ ಡಿಡಿಆರ್4 ಬಗೆಯ ರ‍್ಯಾಮ್ ಹಾಕಿದೆ. ಬಿಚ್ಚುವ ಮೊದಲು, ಲ್ಯಾಪ್‌ಟಾಪ್ ಆನ್ ಮಾಡುವಾಗ ತೆರೆಯುವ ಸೆಟ್ಟಿಂಗ್ ಪುಟವಾದ ಬಯೋಸ್‌ಗೆ ಹೋಗಿ ಒಳಗಿನ ಬ್ಯಾಟರಿ ಆಫ್ ಮಾಡಿ ಎಂದು ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್. ಇದಕ್ಕೆ ಎರಡು ಬ್ಯಾಟರಿ. ಹೊರಗಿನದನ್ನು ತೆಗೆದರೂ ಒಳಗೆ ಕರೆಂಟ್ ಇರುತ್ತದೆ, ನನಗೆ ಗೊತ್ತೇ ಇರಲಿಲ್ಲ.

ಒಂದೇ ಬೇಜಾರು. ಹೊರಗಿನ ಬ್ಯಾಟರಿ ಒಂದು ಗಂಟೆಯೂ ಬರುತ್ತಿಲ್ಲ. ಅಂಗಡಿಯಲ್ಲೇ ಬ್ಯಾಟರಿ ಎಷ್ಟು ಸವೆದಿದೆ ಎಂದು ತೋರಿಸುವ ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು ನೋಡಬೇಕಿತ್ತು. ಮುಂದಿನ ತಿಂಗಳು ಬದಲಾಯಿಸುತ್ತೇನೆ. ಅದೂ ಸೇರಿ 30,000 ದಾಟುವುದಿಲ್ಲ.

ತಂಗಿ ನಿನ್ನೆಯಿಂದ ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲು ಕೂತಿದ್ದಾಳೆ. ಕೀಬೋರ್ಡ್ ತುಂಬಾ ಇಷ್ಟವಾಗಿದೆಯಂತೆ.