ಚಿಕ್ಕಪ್ಪನವರಿಂದ ಮನೆ ಕಟ್ಟಲು 20 ಸೆಂಟ್ ಜಾಗ: ಕ್ರಯಕ್ಕೆ ಮೊದಲು ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ (ನಾಪೋಕ್ಲು ಮೂಲ, ಈಗ ಮೈಸೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಚಿಕ್ಕಪ್ಪನವರ ಅನುಭವದಲ್ಲಿರುವ ಕಾಫಿ ತೋಟದ ಮೇಲ್ಭಾಗದಲ್ಲಿ 20 ಸೆಂಟ್ ಜಾಗವನ್ನು ಊರಿನ ದರಕ್ಕಿಂತ ಬಹಳ ಕಡಿಮೆಗೆ ನನಗೆ ಕೊಡುವುದಾಗಿ ಅವರೇ ಮುಂದಾಗಿ ಹೇಳಿದ್ದಾರೆ. ಜಾಗ ಜಮ್ಮಾ ಬಾಣೆ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿಯ ಮರಗಾಡಿನ ಭಾಗ. ಪಹಣಿಯಲ್ಲಿ ಅಜ್ಜನ ಅಣ್ಣನಿಂದ ಹಿಡಿದು ಏಳೆಂಟು ಹೆಸರುಗಳಿದ್ದು, ಅವರಲ್ಲಿ ಕೆಲವರು ತೀರಿಕೊಂಡು ಎಷ್ಟೋ ಕಾಲವಾಗಿದೆ. ಮನೆಯೊಳಗಿನ ವ್ಯವಹಾರಕ್ಕೆ ವಕೀಲರೇಕೆ, ಛಾಪಾ ಕಾಗದದಲ್ಲಿ ಬರೆದುಕೊಂಡರೆ ಸಾಕು ಎಂಬುದು ಚಿಕ್ಕಪ್ಪನವರ ಅಭಿಪ್ರಾಯ. ಅವರ ಮನಸ್ಸು ನೋಯಿಸುವ ಇಚ್ಛೆ ನನಗಿಲ್ಲ. ಆದರೆ ಬ್ಯಾಂಕ್ ಸಾಲ ಮಾಡಿಯೇ ಕಟ್ಟಬೇಕಾಗಿರುವುದರಿಂದ ದಾಖಲೆಗಳು ಗಟ್ಟಿಯಾಗಿರಬೇಕು. ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ 1 (ಮಡಿಕೇರಿ, ವಕೀಲ ವೃತ್ತಿ)

ಚಿಕ್ಕಪ್ಪನವರು ಮಾರಲು ಹೊರಟಿರುವ ಜಾಗದಲ್ಲಿ ನಿಮ್ಮ ತಂದೆಯವರ ಮೂಲಕ ನಿಮಗೂ ಪಾಲಿರಬಹುದು ಎಂಬುದನ್ನು ಗಮನಿಸಿದ್ದೀರಾ? ಜಮ್ಮಾ ಜಾಗದ ಪಟ್ಟೆ ಒಕ್ಕದ (ಮನೆತನದ) ಹಿರಿಯರ ಹೆಸರಿನಲ್ಲಿದ್ದು, ಒಳಗೆ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಗಡಿ ಹಾಕಿಕೊಂಡು ತಲೆಮಾರುಗಳಿಂದ ತೋಟ ಮಾಡಿಕೊಂಡು ಬಂದಿರುವುದು ನಮ್ಮ ಜಿಲ್ಲೆಯಲ್ಲಿ ಸಾಮಾನ್ಯ ಸಂಗತಿ. ಅನುಭವದಲ್ಲಿರುವ ಮಾತ್ರಕ್ಕೆ ಅಷ್ಟು ಭಾಗವನ್ನು ಒಬ್ಬರೇ ಮಾರುವ ಹಕ್ಕು ಬರುವುದಿಲ್ಲ. ಆದ್ದರಿಂದ ಮೊದಲು ವಂಶವೃಕ್ಷ ಮಾಡಿಸಿ, ತೀರಿಕೊಂಡವರ ಹೆಸರುಗಳಿಗೆ ಬದಲಾಗಿ ವಾರಸುದಾರರ ಹೆಸರು ಸೇರಿಸುವ ಪೌತಿ ಖಾತೆ ಮಾಡಿಸಿ, ಎಲ್ಲ ಪಾಲುದಾರರೂ ಸೇರಿ ಪಾಲುಪಟ್ಟಿಯನ್ನು ನೋಂದಾಯಿಸಿಕೊಳ್ಳಬೇಕು. ಆ ನಂತರವೇ ಚಿಕ್ಕಪ್ಪನವರ ಪಾಲಿಗೆ ಬಂದ ಜಾಗದಿಂದ ನಿಮಗೆ ಕ್ರಯಪತ್ರವಾಗಬೇಕು. ಅಷ್ಟು ಜನರನ್ನು ಪಾಲಿಗೆ ಕೂರಿಸುವುದು ಕಷ್ಟವೆಂದಾದರೆ, ಅವರೆಲ್ಲರೂ ಒಪ್ಪಿ ಕ್ರಯಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಹಾಕಬಹುದು. ಛಾಪಾ ಕಾಗದದ ಬರಹದಿಂದ ಮಾಲೀಕತ್ವ ವರ್ಗವಾಗುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ.

ಉತ್ತರ 2 (ಸೋಮವಾರಪೇಟೆ, ನಿವೃತ್ತ ಭೂಮಾಪಕ)

ಕಾಗದದ ವಿಚಾರವನ್ನು ವಕೀಲರು ಹೇಳಿದ್ದಾರೆ, ನಾನು ಜಾಗದ ವಿಚಾರ ಹೇಳುತ್ತೇನೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಕೊಳ್ಳುವುದರಿಂದ ನೋಂದಣಿಗೆ 11ಇ ನಕ್ಷೆ (ಮಾರುವ ಭಾಗವನ್ನು ಅಳೆದು ತಯಾರಿಸುವ ಸರ್ವೆ ನಕ್ಷೆ) ಬೇಕಾಗುತ್ತದೆ. ಅಳತೆಯ ದಿನ ನೀವೂ ಚಿಕ್ಕಪ್ಪನವರೂ ಪಕ್ಕದ ತೋಟದವರೂ ಸ್ಥಳದಲ್ಲಿರಿ. ತೋಟದ ಒಳಗಿನಿಂದ ಬರುವ ದಾರಿಯ ಅಗಲವನ್ನು ಅಡಿ ಲೆಕ್ಕದಲ್ಲಿ ನಕ್ಷೆಯಲ್ಲೂ ಕ್ರಯಪತ್ರದಲ್ಲೂ ಕಾಣಿಸಿರಿ, ಏಕೆಂದರೆ ಇಂದು ಚಿಕ್ಕಪ್ಪನವರ ಜೀಪು ಓಡಾಡುವ ದಾರಿಗೆ ನಾಳೆ ಅವರ ಮಕ್ಕಳು ಗೇಟು ಹಾಕಿದರೆ ತೋರಿಸಲು ನಿಮ್ಮ ಕೈಯಲ್ಲಿ ಏನಾದರೂ ಇರಬೇಕು.

ಮೇಲ್ಭಾಗ ಎಂದು ಬರೆದಿದ್ದೀರಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಜಾರಿದ್ದನ್ನೂ, ಮರುವರ್ಷ ತೋರ ಗ್ರಾಮದಲ್ಲಿ ಆದ ಭೂಕುಸಿತವನ್ನೂ ಕಂಡ ಮೇಲೆ, ಇಳಿಜಾರನ್ನು ಜೆಸಿಬಿಯಿಂದ ಕಡಿದು ಸಮತಟ್ಟು ಮಾಡಿ ಮನೆ ಕಟ್ಟುವವರಿಗೆ ನಾನು ಒಂದೇ ಸಲಹೆ ಕೊಡುತ್ತೇನೆ: ಬೇಸಿಗೆಯಲ್ಲಿ ನೋಡಿ ಒಪ್ಪಬೇಡಿ, ಕಕ್ಕಡ ತಿಂಗಳ ಜೋರು ಮಳೆಯಲ್ಲಿ ಒಮ್ಮೆ ಹೋಗಿ ನಿಂತು ನೋಡಿ. ಬರೆಯಿಂದ (ಕಡಿದಾದ ಮಣ್ಣಿನ ದಿಬ್ಬದಿಂದ) ನೀರು ಜಿನುಗುತ್ತಿದೆಯೇ, ಸಿಲ್ವರ್ ಮರಗಳು ಬುಡದಲ್ಲೇ ಬಾಗಿ ಮೇಲಕ್ಕೆ ನೆಟ್ಟಗಾಗಿವೆಯೇ, ನೆಲದಲ್ಲಿ ಅರ್ಧಚಂದ್ರಾಕಾರದ ಬಿರುಕುಗಳಿವೆಯೇ ಎಂದು ಗಮನಿಸಿ. ಇವು ಕಂಡರೆ ಜಾಗ ಪುಕ್ಕಟೆಯಾಗಿ ಸಿಕ್ಕರೂ ಬೇಡ. ತೋಟದಲ್ಲೇ ಬೇರೆ ಕಡೆ ಕೇಳಿ. ಬಾಣೆ ರಿಡೀಮ್ ಆಗಿದೆಯೇ, ಅಂದರೆ ಮರಗಳ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡಿದ್ದಾರೆಯೇ ಎಂಬುದನ್ನೂ ವಿಚಾರಿಸಿ. ಆಗಿರದಿದ್ದರೆ ಮರಗಳ ಹಕ್ಕು ಸರ್ಕಾರದ್ದು, ಮನೆಯ ಜಾಗದಲ್ಲಿರುವ ಮರವನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ.

ಉತ್ತರ 3 (ಕುಶಾಲನಗರ, ತೆರಿಗೆ ಸಲಹೆಗಾರ)

ಮನೆ ಸಾಲಕ್ಕೆ ಬ್ಯಾಂಕಿನವರು ಕೃಷಿ ಜಮೀನನ್ನು ವಾಸಕ್ಕೆ ಬಳಸಲು ಬೇಕಾದ ಭೂಪರಿವರ್ತನೆ ಆದೇಶವನ್ನೂ ಪಂಚಾಯಿತಿಯ ಇ-ಸ್ವತ್ತು (ಆನ್‌ಲೈನ್ ಆಸ್ತಿ) ದಾಖಲೆಯನ್ನೂ ಕೇಳುತ್ತಾರೆ. ಬೆಲೆ ಎಷ್ಟೇ ಕಡಿಮೆಯಿದ್ದರೂ ಮುದ್ರಾಂಕ ಶುಲ್ಕವನ್ನು ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ದರಕ್ಕಿಂತ ಕಡಿಮೆ ಮೊತ್ತಕ್ಕೆ ಲೆಕ್ಕ ಹಾಕುವುದಿಲ್ಲ. ಹಣವನ್ನು ಬ್ಯಾಂಕಿನ ಮೂಲಕವೇ ಕೊಡಿ, 20,000 ರೂಪಾಯಿ ಮತ್ತು ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಚಿಕ್ಕಪ್ಪನವರಿಗೇ ದಂಡ ಬೀಳುತ್ತದೆ. ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆಗೆ ಕೊಂಡಾಗ ಆ ವ್ಯತ್ಯಾಸವನ್ನು ಕೊಂಡವರ ಆದಾಯವೆಂದು ಎಣಿಸುವ ನಿಯಮವಿದೆ. ತಂದೆಯ ಸಹೋದರರಿಂದ ಕೊಂಡರೆ ಇದು ಅನ್ವಯಿಸದು, ಆದರೆ ಅವರ ಮಕ್ಕಳು ಆ ನಿಯಮದಲ್ಲಿ ಸಂಬಂಧಿಕರ ಪಟ್ಟಿಗೆ ಸೇರುವುದಿಲ್ಲ. ಪತ್ರವನ್ನು ಯಾರ ಹೆಸರಿನಿಂದ ಮಾಡಿಸುತ್ತೀರಿ ಎಂಬುದು ಇದರಿಂದಲೂ ಮುಖ್ಯ.

ಪ್ರಶ್ನಿಸಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ. ವಿರಾಜಪೇಟೆ ಕಡೆಗೆ ಮದುವೆಯಾಗಿ ಹೋದ ಅತ್ತೆಯವರಿದ್ದಾರೆ. ಅವರ ಸಹಿಯೂ ಬೇಕೇ? ಹೆಣ್ಣುಮಕ್ಕಳಿಗೆ ಒಕ್ಕದ ಜಾಗದಲ್ಲಿ ಪಾಲಿಲ್ಲವೆಂದು ಚಿಕ್ಕಪ್ಪನವರು ಹೇಳುತ್ತಾರೆ.

ಉತ್ತರ 1 (ಮಡಿಕೇರಿ, ವಕೀಲ ವೃತ್ತಿ)

ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಾದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ಒಕ್ಕದ ಪದ್ಧತಿಯ ಬಗ್ಗೆ ವಾದ ಮಾಡುವವರು ಮಾಡಲಿ, ನಿಮ್ಮ ಕಡತ ನೋಡುವ ಬ್ಯಾಂಕಿನ ವಕೀಲರು ಅತ್ತೆಯವರ ಸಹಿ ಕೇಳದೆ ಬಿಡುವುದಿಲ್ಲ. ಚಿಕ್ಕಪ್ಪನವರಿಗೆ ಮುಂಗಡ ಕೊಡುವ ಮುನ್ನವೇ, ಸಾಧ್ಯವಾದರೆ ಅವರನ್ನೂ ಕರೆದುಕೊಂಡು, ಅತ್ತೆಯವರ ಮನೆಗೆ ಹೋಗಿ ಕೇಳಿ ಬನ್ನಿ.