ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ: ಮಕ್ಕಳೊಂದಿಗೆ ಹೊರಡುವವರ ಲೆಕ್ಕ

ಮಗುವನ್ನು ಕರೆದುಕೊಂಡು ಮೊದಲ ಬಾರಿ ಊರಿಗೆ ಹೊರಡುವವರು ಸಾಮಾನ್ಯವಾಗಿ ಕೇಳುವುದು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಷ್ಟು ಗಂಟೆ ಎಂದು. ಎರಡು ನಿಲ್ದಾಣಗಳ ನಡುವಿನ ಅತಿ ಕಡಿಮೆ ದೂರ ಸುಮಾರು 14,000 ಕಿ.ಮೀ.; ನಡುವೆ ಎಲ್ಲಿಯೂ ಇಳಿಯದ ವಿಮಾನಕ್ಕೆ ಹೆಚ್ಚುಕಡಿಮೆ 17 ಗಂಟೆ ಹಿಡಿಯುತ್ತದೆ. ಆದರೆ ಮಕ್ಕಳಿರುವವರು ಈ ಒಂದು ಅಂಕಿಯನ್ನು ನೆಚ್ಚಿ ಟಿಕೆಟ್ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ.

ದೂರದ ಮಾತು ಸ್ವಾರಸ್ಯದ್ದೇ. ಗೋಡೆಯ ಭೂಪಟ ನೋಡಿದರೆ ಪೆಸಿಫಿಕ್ ಸಾಗರವನ್ನು ಅಡ್ಡಲಾಗಿ ದಾಟಬೇಕೆನಿಸುತ್ತದೆ. ನನ್ನ ಮಗಳು ಭೂಗೋಳದ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿದಾಗ ಅದು ಉತ್ತರ ಧ್ರುವದ ಹತ್ತಿರವೇ ಹಾದುಹೋಯಿತು, ಏಕೆಂದರೆ ಇವೆರಡರ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿಗಳ ಅಂತರವಿದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಕ್ಯಾಪ್ಟನ್ ಜೋಯಾ ಅಗರ್ವಾಲ್ ಅವರ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ಬೆಂಗಳೂರಿಗೆ ತಂದಿಳಿಸಿದ್ದು ಈ ಧ್ರುವದ ದಾರಿಯಲ್ಲಿಯೇ. ಹಿಂದಿರುಗುವಾಗ ಪಶ್ಚಿಮದಿಂದ ಬೀಸುವ ಎತ್ತರದ ಗಾಳಿಯ ನೆರವಿಗಾಗಿ ಪೆಸಿಫಿಕ್ ಮೇಲಿನ ಉದ್ದದ ದಾರಿ ಹಿಡಿಯುವುದೂ ಉಂಟು.

ಫ್ರಾಂಕ್‌ಫರ್ಟ್ ಮೂಲಕ ಹೋದರೆ ದೂರ ಸುಮಾರು 16,500 ಕಿ.ಮೀ. ಆಗುತ್ತದೆ, ಮೊದಲ ಹಾರಾಟಕ್ಕೆ ಸುಮಾರು 11 ಗಂಟೆ, ಎರಡನೆಯದಕ್ಕೆ ಸುಮಾರು 9 ಗಂಟೆ. ಕಾಗದದ ಮೇಲೆ ಇದು ನಷ್ಟದ ದಾರಿ. ಆದರೂ ನಡೆಯಲು ಕಲಿತ, ಕೂರಲು ಕಲಿಯದ ಮಗುವಿಗೆ ನಡುವೆ ಎರಡು ಮೂರು ಗಂಟೆ ಓಡಾಡಲು ಸಿಗುವುದೇ ದೊಡ್ಡ ಉಪಕಾರವೆಂದು ಎರಡೂ ಬಗೆಯಲ್ಲಿ ಪ್ರಯಾಣಿಸಿದ ಮೇಲೆ ನನಗನಿಸಿದೆ. ತೊಟ್ಟಿಲಲ್ಲಿ ಮಲಗುವ ಕೂಸಾದರೆ ನೇರ ವಿಮಾನವೇ ಮೇಲು. ಹಿಂದಿರುಗುವ ಮೊದಲೇ ಮಗುವಿಗೆ ಎರಡು ವರ್ಷ ತುಂಬುವುದಾದರೆ ಬರುವಾಗ ಪ್ರತ್ಯೇಕ ಸೀಟು ಬೇಕಾಗುತ್ತದೆಂಬುದನ್ನು ಮರೆಯಬಾರದು.

ಇನ್ನು ಗಡಿಯಾರ. ಚಳಿಗಾಲದಲ್ಲಿ ಭಾರತದ ಸಮಯ ಹದಿಮೂರೂವರೆ ಗಂಟೆ ಮುಂದಿರುವುದರಿಂದ ಶುಕ್ರವಾರ ರಾತ್ರಿ 9ಕ್ಕೆ ಹೊರಟವರು 17 ಗಂಟೆ ಹಾರಿ ಇಳಿಯುವುದು ಭಾನುವಾರ ನಸುಕಿನ ಮೂರೂವರೆಗೆ. ಅಲ್ಲಿಂದ ನಮ್ಮ ಸಾಗರಕ್ಕೆ ರಸ್ತೆಯಲ್ಲಿ ಇನ್ನೂ ಏಳೆಂಟು ಗಂಟೆ. ಈ ಕೊನೆಯ ತುಂಡನ್ನು ಯಾವ ವಿಮಾನ ಸಂಸ್ಥೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಗಲು ರಾತ್ರಿ ಅದಲುಬದಲಾದ ಮಗುವಿನ ನಿದ್ದೆ ಸರಿಹೋಗಲು ವಾರಕ್ಕಿಂತ ಹೆಚ್ಚೇ ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಮೊದಲ ನಾಲ್ಕು ರಾತ್ರಿ ಎರಡು ಗಂಟೆಗೆ ಎದ್ದು ಮೊಮ್ಮಗಳಿಗೆ ಮೊಸರವಲಕ್ಕಿ ಕಲಸಿಕೊಟ್ಟವರು ಅಜ್ಜಿ. ಎರಡೇ ವಾರದ ರಜೆ ಇರುವವರು ಮೊದಲ ವಾರದಲ್ಲಿ ಮದುವೆ, ಮುಂಜಿ, ದೇವಸ್ಥಾನಗಳ ಓಡಾಟ ಇಟ್ಟುಕೊಳ್ಳದೆ ಮಗುವನ್ನು ಅಜ್ಜಿ ಮನೆಯಲ್ಲಿಯೇ ಬಿಡುವುದು ಒಳ್ಳೆಯದು.