ಅಪ್‌ಡೇಟ್: ಬೈಕಿನ ಕ್ಯಾಟ್ ತೆಗೆಸಲಿಲ್ಲ, ಪಟಪಟ ಸದ್ದು ನಿಂತಿದೆ

ಥ್ರಾಟಲ್ ಬಿಟ್ಟಾಗ ಪಟಪಟ ಸದ್ದು, ಮೈಲೇಜ್ ಕಡಿಮೆ. ಅದಕ್ಕೆ ಬಿಎಸ್6 ಬೈಕಿನ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್, ಹೊಗೆಯ ವಿಷಾನಿಲ ತಗ್ಗಿಸುವ ಭಾಗ) ತೆಗೆಸಲೇ ಎಂದು ಇಲ್ಲಿ ಕೇಳಿದ್ದೆ. ಬೇಕಾಗಲಿಲ್ಲ. ಪ್ಲಗ್ ಬದಲಾವಣೆ, ಇಂಜೆಕ್ಟರ್ ಕ್ಲೀನರ್ ಎರಡರಿಂದಲೂ ಏನೂ ಆಗಲಿಲ್ಲ. ಕೆಲಸ ಮಾಡಿದ್ದು ಸೋಪಿನ ನೀರಿನ ಸಲಹೆ: ಪೈಪಿನ ಸಂದಿಗಳಿಗೆ ಸೋಪಿನ ನೀರು ಹಾಕಿ, ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ, ಸೈಲೆನ್ಸರ್ ಬಾಯಿಗೆ ಕ್ಷಣಕಾಲ ಬಟ್ಟೆ ಒತ್ತಿದರೆ ಇಂಜಿನ್ ಹೆಡ್ಡಿಗೆ ಬೆಂಡ್ ಪೈಪ್ (ಹೊಗೆ ಹೊರಬರುವ ಪೈಪ್) ಸೇರುವಲ್ಲಿ ಗುಳ್ಳೆ ಎದ್ದವು, ಅಂದರೆ ಅಲ್ಲಿ ಸೋರಿಕೆ. ಅಲ್ಲೇ ಕಪ್ಪು ಮಸಿಯ ಗೆರೆಯೂ ಇತ್ತು.

ಅಚ್ಚರಿ ಇದು: ಆ ಸಂದಿಯಿಂದ ಒಳಬಂದ ಗಾಳಿಯನ್ನು ಆಕ್ಸಿಜನ್ ಸೆನ್ಸರ್ ಪೆಟ್ರೋಲ್ ಕಡಿಮೆ ಎಂದು ಓದುತ್ತದೆ, ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೆಚ್ಚು ಪೆಟ್ರೋಲ್ ಬಿಡುತ್ತದೆ. ಸೋರಿಕೆ ಹಾಗೇ ಇರುವುದರಿಂದ ಕ್ಯಾಟ್ ತೆಗೆದಿದ್ದರೂ ಸದ್ದು ಉಳಿಯುತ್ತಿತ್ತು. ಅದರ ಮೇಲೆ ಕ್ಯಾಟ್ ತೆಗೆಸಿದ್ದಕ್ಕೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2)ರಡಿ ₹10,000 ವರೆಗೆ ದಂಡ.

ಆ ಸಂದಿಗೆ ಹೊಸ ಗ್ಯಾಸ್ಕೆಟ್ಟೇ (ಸೋರದಂತೆ ತಡೆಯುವ ಉಂಗುರ) ಹಾಕಿ, ಹಳೆಯದು ಚಪ್ಪಟೆಯಾಗಿರುತ್ತದೆ. ಬೆಂಡ್ ಪೈಪಿನ ಎರಡೂ ನಟ್ಟನ್ನು ಕಾಲು ಸುತ್ತಿನಂತೆ ಸರದಿಯಲ್ಲಿ ಬಿಗಿಮಾಡಿ, ಸೈಲೆನ್ಸರ್ ಬೋಲ್ಟ್ ಕೊನೆಗೆ.